ಹುಲಿಪಟ್ಟೆಯ ಬೆಕ್ಕಿಗೆ ಅಡ್ವಾನ್ಸ್ ಕೊಡುವ ಮುನ್ನ

ಪ್ರಶ್ನೆ: ನನ್ನ ಮಗಳಿಗೆ ಬೆಕ್ಕೆಂದರೆ ಪ್ರಾಣ. ಹುಲಿಯಂತೆ ಪಟ್ಟೆ ಇರುವ ‘ಟಾಯ್ಗರ್’ ಬೆಕ್ಕಿನ ವಿಡಿಯೊ ನೋಡಿದಾಗಿನಿಂದ ಅದೇ ಬೇಕೆಂದು ಹಟ ಹಿಡಿದಿದ್ದಾಳೆ. ಆನ್‌ಲೈನಿನಲ್ಲಿ ಒಬ್ಬರು ಆರು ವಾರದ ಮರಿಗೆ 45 ಸಾವಿರ ಹೇಳುತ್ತಿದ್ದಾರೆ. ಫೋಟೊದಲ್ಲಿ ಕೇಸರಿ ಮೈ, ಅದರ ಮೇಲೆ ಇನ್ನೂ ಗಾಢವಾದ ಕೇಸರಿ ಪಟ್ಟೆ. ಹುಲಿಯ ರಕ್ತ ಬೆರೆತ ತಳಿ ಎನ್ನುತ್ತಾರೆ, ನಿಜವೇ? ನಾವಿರುವುದು ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ. ಸಸ್ಯಾಹಾರಿಗಳು. ಹಾಲು, ಮೊಸರನ್ನ ಹಾಕಿ ಸಾಕಬಹುದೇ?
– ಓದುಗರು, ರಾಜರಾಜೇಶ್ವರಿನಗರ, ಬೆಂಗಳೂರು

ಉತ್ತರ: ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. ನೀವು ಬರೆದದ್ದನ್ನು ಓದಿದರೆ ಅದು ಟಾಯ್ಗರ್ ಅಲ್ಲ, ನಮ್ಮ ಬೀದಿಯ ಕೇಸರಿ ಬೆಕ್ಕಿನ ಮರಿ. ಟಾಯ್ಗರ್‌ನ ಪಟ್ಟೆ ಕಪ್ಪು ಅಥವಾ ಕಡುಕಂದು, ಬಾಲದ ತುದಿಯೂ ಕಪ್ಪು. ಕೇಸರಿ ಬೆಕ್ಕಿನ ಕೂದಲಲ್ಲಿ ಕಪ್ಪು ಬಣ್ಣ ಹುಟ್ಟುವುದೇ ಇಲ್ಲ, ಹಾಗಾಗಿ ಪಟ್ಟೆಯೂ ಕೇಸರಿಯೇ. ಕೇಸರಿ ಬೆಕ್ಕು ಯಾವುದೇ ಇರಲಿ, ಮೈಮೇಲೆ ಒಂದಿಷ್ಟು ಪಟ್ಟೆಯೋ ಸುಳಿಯೋ ಇದ್ದೇ ಇರುತ್ತದೆ. ಅದನ್ನು ತೋರಿಸಿ ತಳಿಯ ಹೆಸರು ಹೇಳುವವರು ಬಹಳ ಮಂದಿ. ಇನ್ನೊಂದು ವಿಷಯ: 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಅಂಗಡಿಯವರು ಮಾರುವಂತಿಲ್ಲ. ಆರು ವಾರಕ್ಕೇ ತಾಯಿಯಿಂದ ಕಿತ್ತು ಮಾರುವವರ ಮಿಕ್ಕ ಮಾತನ್ನು ಎಷ್ಟು ನಂಬಬಹುದೆಂದು ನೀವೇ ಯೋಚಿಸಿ.

ಹುಲಿಯ ರಕ್ತ ಎಂಬುದು ಶುದ್ಧ ಸುಳ್ಳು. ಹುಲಿಯ ವಂಶವೂ ಸಾಕುಬೆಕ್ಕಿನ ವಂಶವೂ ಸುಮಾರು ಒಂದು ಕೋಟಿ ವರ್ಷಗಳ ಹಿಂದೆಯೇ ಕವಲೊಡೆದಿವೆ, ಎರಡನ್ನೂ ಕೂಡಿಸಿ ಮರಿ ಮಾಡಲಾಗದು. ಟಾಯ್ಗರ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1980ರ ದಶಕದಲ್ಲಿ. ಬೆಂಗಾಲ್ ಎಂಬ ಬೆಕ್ಕಿನ ತಳಿಯನ್ನು ಬೆಳೆಸಿದ ಜೀನ್ ಮಿಲ್ ಅವರ ಮಗಳು ಜೂಡಿ ಸಗ್ಡೆನ್, ಪಟ್ಟೆಯ ಸಾಮಾನ್ಯ ಮನೆಬೆಕ್ಕನ್ನು ಬೆಂಗಾಲ್ ಜೊತೆ ಕೂಡಿಸುತ್ತಾ ಹೋದರು. ಆದರೆ ಹುಲಿಯ ತಲೆಯ ಮೇಲೆ ಬಳೆಯಂತೆ ಬಾಗುವ ಗೆರೆಗಳು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಪಟ್ಟೆ ಬೆಕ್ಕಿನ ಎರಡು ಕಿವಿಗಳ ನಡುವೆ ಸಾಮಾನ್ಯವಾಗಿ ಇರುವುದು ಉದ್ದುದ್ದ ಗೆರೆ. ಗೆರೆಯ ಬದಲು ಚುಕ್ಕೆಗಳಿದ್ದ ಒಂದು ಗಂಡುಬೆಕ್ಕು ಅವರಿಗೆ ಸಿಕ್ಕಿದ್ದು ಎಲ್ಲಿ ಗೊತ್ತೇ? ನಮ್ಮ ಕಾಶ್ಮೀರದ ಬೀದಿಯಲ್ಲಿ! ‘ಜಮ್ಮು ಬ್ಲೂ’ ಎಂಬ ಹೆಸರಿನ ಆ ಬೀದಿಬೆಕ್ಕು ಈ ತಳಿಯ ಮೂಲಪುರುಷರಲ್ಲೊಂದು. ‘ದಿ ಇಂಟರ್‌ನ್ಯಾಷನಲ್ ಕ್ಯಾಟ್ ಅಸೋಸಿಯೇಷನ್’ 1993ರಲ್ಲಿ ತಳಿಯನ್ನು ನೋಂದಣಿಗೆ ಒಪ್ಪಿಕೊಂಡಿತು, 2007ರಲ್ಲಿ ಪ್ರದರ್ಶನದ ಚಾಂಪಿಯನ್‌ಶಿಪ್‌ಗೂ ಸೇರಿಸಿತು.

ಟಾಯ್ಗರ್ ಜಗತ್ತಿನಲ್ಲೇ ವಿರಳ. ಅದೇ ಬೇಕೆಂದರೆ ಆ ಸಂಸ್ಥೆಯ ನೋಂದಣಿ ಪತ್ರ ಕೇಳಿ, ತಂದೆತಾಯಿ ಬೆಕ್ಕುಗಳನ್ನು ಕಣ್ಣಾರೆ ನೋಡಿ. ಪತ್ರಕ್ಕಿಂತ ಮುಖ್ಯವಾದದ್ದು ಆರೋಗ್ಯ ತಪಾಸಣೆ. ಬೆಂಗಾಲ್ ರಕ್ತವಿರುವುದರಿಂದ ಹೃದಯದ ಗೋಡೆ ದಪ್ಪವಾಗುವ ಕಾಯಿಲೆಗಾಗಿ ತಂದೆತಾಯಿಗೆ ಎಕೋ ಸ್ಕ್ಯಾನ್ ಆಗಿರಬೇಕು. ಆ ತಳಿಯಲ್ಲಿ ಕಾಣುವ ರಕ್ತಹೀನತೆಯ ಹಾಗೂ ಕುರುಡುತನದ ಆನುವಂಶಿಕ ದೋಷಗಳಿಗೆ ಡಿಎನ್‌ಎ ಪರೀಕ್ಷೆಯೂ ಇದೆ. ಈ ಹೆಸರು ಕೇಳಿದ ಕೂಡಲೇ ಮಾರುವವರು ಮಾತು ಬದಲಿಸಿದರೆ ಎದ್ದು ಬನ್ನಿ.

ನನ್ನನ್ನು ಕೇಳಿದರೆ, ಪಟ್ಟೆಗಾಗಿ 45 ಸಾವಿರ ಬೇಕಿಲ್ಲ. ಬೆಕ್ಕಿನ ಮೂಲ ವಿನ್ಯಾಸವೇ ಪಟ್ಟೆ. ನಿಮ್ಮ ಬಡಾವಣೆಯ ಕಸದ ಗಾಡಿ ನಿಲ್ಲುವ ಜಾಗದಲ್ಲೋ ಮೀನಿನಂಗಡಿಯ ಪಕ್ಕದಲ್ಲೋ ಸುಮ್ಮನೆ ಹತ್ತು ನಿಮಿಷ ನಿಂತು ನೋಡಿ, ಬೂದುಮೈಗೆ ಕಪ್ಪುಪಟ್ಟೆ, ಹಣೆಯ ಮೇಲೆ ಗೆರೆ ಎಳೆದುಕೊಂಡ ಒಂದಾದರೂ ಕಂಡೀತು. ಪ್ರಾಣಿ ರಕ್ಷಣಾ ಸಂಸ್ಥೆಗಳ ಬಳಿ, ಬೆಕ್ಕಿಗೆ ಊಟ ಹಾಕುವವರ ಬಳಿ ಮನೆಗಾಗಿ ಕಾಯುತ್ತಿರುವ ಇಂಥ ಮರಿಗಳು ವರ್ಷವಿಡೀ ಇರುತ್ತವೆ.

ಈಗ ಮೊಸರನ್ನದ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ‘ನಮ್ಮಜ್ಜಿ ಮನೆ ಬೆಕ್ಕು ಹಾಲನ್ನ ತಿಂದೇ ಬದುಕಿತ್ತು ಡಾಕ್ಟ್ರೇ’ ಎನ್ನುವವರು ನನಗೆ ವಾರ ವಾರ ಸಿಗುತ್ತಾರೆ. ಬದುಕಿತ್ತು, ನಿಜ. ಹಗಲು ಹಾಲನ್ನ ತಿಂದು ರಾತ್ರಿ ಅಟ್ಟದ ಇಲಿ, ಗೋಡೆಯ ಹಲ್ಲಿ, ಹಿತ್ತಲಿನ ಓತಿಕ್ಯಾತ ಹಿಡಿದು ತಿನ್ನುತ್ತಿತ್ತು. ಅಜ್ಜಿಗೆ ಕಂಡದ್ದು ತಟ್ಟೆ ಮಾತ್ರ. ನಾಲ್ಕನೇ ಮಹಡಿಯಲ್ಲಿ ನಿಮ್ಮ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಬೆಕ್ಕಿನ ದೇಹ ಟಾರಿನ್ ಎಂಬ ಅಂಶವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ಬರಬೇಕು. ಟಾರಿನ್ ಕೊರತೆಯಾದರೆ ಅಕ್ಷಿಪಟ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲಗೊಂಡು ಊದಿಕೊಳ್ಳುತ್ತದೆ. 1987ರಲ್ಲಿ ಅಮೆರಿಕದ ಪಶುವೈದ್ಯರು ಹೃದಯದ ಈ ನಂಟನ್ನು ತೋರಿಸಿಕೊಟ್ಟ ಮೇಲೆಯೇ ಕ್ಯಾಟ್‌ಫುಡ್ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದ್ದು.

ನೀವು ಅಡುಗೆಮನೆಯಲ್ಲಿ ಕೋಳಿ ಬೇಯಿಸಬೇಕಾಗಿಲ್ಲ. ‘ಸಂಪೂರ್ಣ ಆಹಾರ’ ಎಂದು ನಮೂದಿಸಿದ ಒಣ ಮತ್ತು ಹಸಿ ಕ್ಯಾಟ್‌ಫುಡ್ ಸಾಕು. ಡಬ್ಬವನ್ನೂ ತಟ್ಟೆಯನ್ನೂ ಯುಟಿಲಿಟಿಯಲ್ಲಿಟ್ಟು ಮಗಳ ಕೈಯಲ್ಲೇ ಹಾಕಿಸಿ. ಆದರೆ ಅದರಲ್ಲೂ ಮಾಂಸ, ಮೀನು ಇದ್ದೇ ಇರುತ್ತವೆ. ಅದೂ ಮನೆಗೆ ಬೇಡವೆಂದರೆ ಬೆಕ್ಕೇ ಬೇಡ, ಮೊಲ ಸಾಕಿ. ನಾಯಿಯ ಆಹಾರ ಹಾಕಿ ಹೊಂದಿಸಿಕೊಳ್ಳುವಂತಿಲ್ಲ. ಹಾಲು ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಭೇದಿ ತರಿಸುತ್ತದೆ. ಒಂದು ಚಮಚ ಮೊಸರು ನೆಕ್ಕಿದರೆ ತೊಂದರೆಯಿಲ್ಲ. ನೀರಿನ ಬಟ್ಟಲನ್ನು ಎರಡು ಮೂರು ಕಡೆ ಇಡಿ. ಗಂಡುಬೆಕ್ಕು ಲಿಟರ್ ಬಾಕ್ಸಿನಲ್ಲಿ ಕೂತು ಕೂತು ಎದ್ದರೂ ಮೂತ್ರ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ.

ಬಾಲ್ಕನಿಗೆ ಪಾರಿವಾಳ ಬಾರದಂತೆ ಕಟ್ಟಿಸುವ ನೈಲಾನ್ ಬಲೆಯನ್ನು ನಂಬಬೇಡಿ. ಬಿಸಿಲಿಗೆ ಅದು ಪುಡಿಯಾಗುತ್ತದೆ, ಬೆಕ್ಕು ಮೂಲೆಯಲ್ಲಿ ಕೂತು ಒಂದೊಂದೇ ಎಳೆ ಕಡಿದು ತಲೆ ತೂರುವಷ್ಟು ಜಾಗ ಮಾಡಿಕೊಳ್ಳುತ್ತದೆ. ತಲೆ ತೂರಿದರೆ ಮೈ ತೂರಿದ ಹಾಗೆಯೇ. ಇನ್‌ವಿಸಿಬಲ್ ಗ್ರಿಲ್‌ನ ತಂತಿಗಳ ನಡುವೆಯೂ ಮರಿ ನುಸುಳುತ್ತದೆ. ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯೇ ಸರಿ, ಕಿಟಕಿಗಳಿಗೂ ಅದೇ.

ಲಸಿಕೆ ಎಂಟನೇ ವಾರದಿಂದ ಶುರು. ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ. ರೇಬೀಸ್ ಲಸಿಕೆ ಹನ್ನೆರಡನೇ ವಾರದ ನಂತರ. ಸಂತಾನಹರಣ ಐದಾರು ತಿಂಗಳಿಗೆ ಮಾಡಿಸಿಬಿಡಿ. ಜ್ವರ ಬಂತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ಹಾಕುವ ಉಣ್ಣೆ ಔಷಧ, ಹೂದಾನಿಯ ಲಿಲ್ಲಿ ಹೂವು ಇವೂ ಅದಕ್ಕೆ ವಿಷ.

ಪ್ರಶ್ನೆ: ಅಡಿಕೆ ತೋಟದಲ್ಲಿ ಕಳೆ ತೆಗೆಯುವಾಗ ಎರಡು ಮರಿ ಸಿಕ್ಕಿವೆ. ಹಣೆಯಿಂದ ಹೆಗಲವರೆಗೆ ಗೆರೆ, ಮೈತುಂಬ ಚುಕ್ಕೆ. ಕೆಲಸದವರು ಬುಟ್ಟಿಯಲ್ಲಿ ಹಾಕಿ ಮನೆಗೆ ತಂದಿದ್ದಾರೆ. ಸಾಕಬಹುದೇ?
– ಓದುಗರು, ಕೊಪ್ಪ

ಉತ್ತರ: ಕಿವಿಯ ಹಿಂಭಾಗ ನೋಡಿ. ಕಪ್ಪಿನ ನಡುವೆ ಬಿಳಿ ಮಚ್ಚೆ ಇದ್ದರೆ ಅದು ಚಿರತೆ ಬೆಕ್ಕು, ಮನೆಬೆಕ್ಕಿಗೆ ಆ ಮಚ್ಚೆ ಇರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ, ಸಾಕುವುದು ಅಪರಾಧ. ಮನೆಯಲ್ಲಿ ಬೆಳೆದರೂ ಅದು ಪಳಗುವುದಿಲ್ಲ. ಹಸುವಿನ ಹಾಲು ಹಾಕಬೇಡಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಕತ್ತಲಾಗುವ ಮೊದಲೇ ಸಿಕ್ಕ ಜಾಗದಲ್ಲೇ ಬುಟ್ಟಿ ಸಮೇತ ಇಟ್ಟು ಬನ್ನಿ, ಬುಟ್ಟಿಯ ಬಾಯಿ ತೆರೆದಿರಲಿ, ತೋಟದ ನಾಯಿಗಳನ್ನು ಕಟ್ಟಿಹಾಕಿ. ತಾಯಿ ಹತ್ತಿರದಲ್ಲೇ ಇದ್ದರೆ ರಾತ್ರಿ ಬಂದು ಕಚ್ಚಿಕೊಂಡು ಹೋಗುತ್ತದೆ. ಏನೇ ಆಗಲಿ, ವಲಯ ಅರಣ್ಯಾಧಿಕಾರಿಯ ಕಚೇರಿಗೆ ಇವತ್ತೇ ಫೋನ್ ಮಾಡಿ ತಿಳಿಸಿಡಿ. ಬೆಳಿಗ್ಗೆ ಮರಿಗಳು ಬುಟ್ಟಿಯಲ್ಲೇ ಉಳಿದಿದ್ದರೆ ಮುಂದಿನದನ್ನು ಅವರೇ ನೋಡಿಕೊಳ್ಳಲಿ.