ಬಹು-ಏಜೆಂಟ್ ಕಲಿಕೆಯಲ್ಲಿ ಪಿಎಚ್‌ಡಿ: ಏಜೆಂಟ್‌ಗಳು ಸ್ಥಿರವಾಗುತ್ತಿಲ್ಲ, ವಿಷಯ ಬದಲಿಸಲೇ?

ಬದಲಿಸಬೇಡಿ. ನಿಮ್ಮದು ಎರಡನೇ ವರ್ಷ ಎಂದಿದ್ದೀರಿ; ಆ ಹೊತ್ತಿಗೆ ನನ್ನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಏಜೆಂಟ್‌ಗಳು (ಪರಸ್ಪರ ಆಡುತ್ತಾ ತಾವೇ ಕಲಿಯುವ ಪ್ರೋಗ್ರಾಂಗಳು) ಸ್ಥಿರವಾಗಿವೆ, ಅಂದರೆ ಒಂದೇ ನಡವಳಿಕೆಗೆ ಬಂದು ನಿಂತಿವೆ ಎಂದೇ ನಾನು ನಂಬಿದ್ದೆ.

ನನ್ನದು ಎರಡು ಏಜೆಂಟ್‌ಗಳ ಶೂನ್ಯ ಮೊತ್ತದ ಆಟ: ಒಂದರ ಗಳಿಕೆ ಇನ್ನೊಂದರ ನಷ್ಟ. ಎರಡಕ್ಕೂ ಗ್ರೇಡಿಯಂಟ್ ವಿಧಾನ (ಗಳಿಕೆ ಹೆಚ್ಚುವ ದಿಕ್ಕಿನಲ್ಲಿ ಪುಟ್ಟ ಹೆಜ್ಜೆ ಇಡುತ್ತಾ ಹೋಗುವುದು) ಹಚ್ಚಿ, ಹಲವು ಸೀಡ್‌ಗಳ (ಬೇರೆ ಬೇರೆ ಯಾದೃಚ್ಛಿಕ ಆರಂಭಗಳ) ಸರಾಸರಿ ಗಳಿಕೆಯ ಗ್ರಾಫ್ ಹಾಕಿದೆ. ಗೆರೆ ಸಪಾಟಾಗಿ ಬಂತು. ಅದರ ಮೇಲೆ ಒಂದಿಡೀ ಅಧ್ಯಾಯ ಕಟ್ಟಿದೆ. ಲೇಖನ ಪರಿಶೀಲಿಸಿದವರು ಕೇಳಿದ್ದು ಒಂದೇ: ತಂತ್ರಗಳ, ಅಂದರೆ ಏಜೆಂಟ್‌ಗಳು ಆಡುವ ರೀತಿಯ, ಗ್ರಾಫ್ ಎಲ್ಲಿ? ಹಾಕಿ ನೋಡಿದರೆ ತಂತ್ರಗಳು ಸುತ್ತುತ್ತಿದ್ದವು, ಸುತ್ತು ಹಿಗ್ಗುತ್ತಲೂ ಇತ್ತು.

ಇದನ್ನು ಬಿಡಿಸಿಯೇ ಹೇಳಬೇಕು. ಒಬ್ಬನ ಕೈಯಲ್ಲಿ ಎಕ್ಸ್ ಎಂಬ ಸಂಖ್ಯೆ, ಇನ್ನೊಬ್ಬನ ಕೈಯಲ್ಲಿ ವೈ; ಇವೇ ಅವರ ತಂತ್ರ. ಅವೆರಡರ ಗುಣಲಬ್ಧವನ್ನು ಮೊದಲನೆಯವನು ಇಳಿಸಬೇಕು, ಎರಡನೆಯವನು ಏರಿಸಬೇಕು; ಅದೇ ಎರಡನೆಯವನ ಗಳಿಕೆ. ಸಮತೋಲನ, ಅಂದರೆ ಯಾರೊಬ್ಬರೇ ತಂತ್ರ ಬದಲಿಸಿದರೂ ಲಾಭವಾಗದ ಸ್ಥಿತಿ, ಇರುವುದು ಎರಡೂ ಸೊನ್ನೆಯಾದಾಗ. ಇಬ್ಬರೂ ಏಕಕಾಲಕ್ಕೆ 0.1 ಅಳತೆಯ ಹೆಜ್ಜೆ ಇಟ್ಟರೆ, ಸಮತೋಲನದಿಂದ ಇರುವ ದೂರದ ವರ್ಗ ಪ್ರತಿ ಹೆಜ್ಜೆಗೂ ಶೇ. 1ರಷ್ಟು ಬೆಳೆಯುತ್ತದೆ. ಹೆಜ್ಜೆಯನ್ನು 0.01ಕ್ಕೆ ಇಳಿಸಿದರೂ ದೂರ ಸರಿಯುವುದು ತಪ್ಪದು, ನಿಧಾನವಾಗುತ್ತದೆ ಅಷ್ಟೆ. ಆದರೆ ಸುತ್ತಿನ ಒಂದು ಪಾಲಿನಲ್ಲಿ ಗುಣಲಬ್ಧ ಧನ, ಮುಂದಿನ ಪಾಲಿನಲ್ಲಿ ಋಣ. ಬೇರೆ ಬೇರೆ ಕಡೆಯಿಂದ ಹೊರಟ ಓಟಗಳನ್ನು ಸೇರಿಸಿ ಸರಾಸರಿ ತೆಗೆದರೆ ಅವು ಒಂದನ್ನೊಂದು ಅಳಿಸಿಬಿಡುತ್ತವೆ. ನನ್ನ ಸಪಾಟು ಗೆರೆ ಹುಟ್ಟಿದ್ದು ಹೀಗೆ. ಪರಿಹಾರವನ್ನು ಗಣಿತ ತಜ್ಞರಾದ ಕಾರ್ಪೆಲೆವಿಚ್ 1976ರಲ್ಲೇ ಕೊಟ್ಟಿದ್ದರು: ಒಂದು ಹೆಜ್ಜೆ ಮುಂದೆ ಹೋಗಿ ಅಲ್ಲಿನ ಗ್ರೇಡಿಯಂಟ್ ಅಳೆದು, ನಿಜವಾದ ಹೆಜ್ಜೆಯನ್ನು ಮೊದಲಿನ ಜಾಗದಿಂದ ಇಡುವುದು. ನಾನು ಅದನ್ನು ಓದುವಷ್ಟರಲ್ಲಿ ಅಧ್ಯಾಯ ಕಸದ ಬುಟ್ಟಿ ಸೇರಿತ್ತು.

ಸ್ಥಿರವಾಗದಿರುವುದನ್ನು ನೀವು ಸೋಲು ಎಂದುಕೊಂಡಿದ್ದೀರಿ. ನಾನು ಒಪ್ಪುವುದಿಲ್ಲ, ಈ ಕ್ಷೇತ್ರದ ಜೀವಾಳವೇ ಅದು. ಎದುರಾಳಿಯ ಹಿಂದಿನ ನಡೆಗಳ ಸರಾಸರಿಗೆ ಅತ್ಯುತ್ತಮ ಉತ್ತರ ಕೊಡುತ್ತಾ ಹೋದರೂ ಸಮತೋಲನ ಸಿಗದ ಆಟವೊಂದನ್ನು ಆಟ ಸಿದ್ಧಾಂತದ ತಜ್ಞ ಶೇಪ್ಲಿ 1964ರಲ್ಲೇ ಕಟ್ಟಿ ತೋರಿಸಿದ್ದರು. ಅದರಲ್ಲಿ ಇಬ್ಬರಿಗೂ ಇದ್ದದ್ದು ಮೂರು ಮೂರು ಆಯ್ಕೆ ಮಾತ್ರ.

ಇನ್ನೊಂದು ಜಿಪಿಯು (ಇಂಥ ಲೆಕ್ಕಗಳನ್ನು ವೇಗವಾಗಿ ಮಾಡುವ ಚಿಪ್) ಕೇಳುವ ಯೋಚನೆಯಿದ್ದರೆ ಅದನ್ನೂ ಬಿಡಿ. ನಿಮ್ಮ ಸಮಸ್ಯೆಯನ್ನು ಕಾಗದದ ಮೇಲೆ ಬಿಡಿಸುವಷ್ಟು ಚಿಕ್ಕ ಆಟಕ್ಕೆ ಇಳಿಸಿ. ಒಂದು ಏಜೆಂಟ್ ಮಾತ್ರ ತಂತ್ರ ಬದಲಿಸಿದರೆ ಎಷ್ಟು ಲಾಭವಾಗುತ್ತದೆ ಎಂಬುದನ್ನು ಅಳೆಯಿರಿ. ಗಳಿಕೆಯ ಗೆರೆಗಿಂತ ಅದು ನಂಬಿಕೆಗೆ ಅರ್ಹ. ಒಂದು ಏಜೆಂಟ್ ವೇಗವಾಗಿ, ಇನ್ನೊಂದು ನಿಧಾನವಾಗಿ ಕಲಿಯುವಂತೆಯೂ ಮಾಡಿ ನೋಡಿ. ಇಂಥ ಎರಡು ಕಾಲಮಾನದ ವಿಧಾನದ ವಿಶ್ಲೇಷಣೆಯನ್ನು ವಿವೇಕ್ ಬೋರ್ಕರ್ 1997ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಪ್ರಕಟಿಸಿದರು. ಕೆಲವೇ ಪುಟಗಳ ಲೇಖನ, ಗೈಡ್ ಜೊತೆಗಿನ ಮುಂದಿನ ಭೇಟಿಗೆ ಮೊದಲು ಓದಿ ಮುಗಿಸಿ.