ರಾಜ್ಯ ಸರ್ಕಾರ ಡೀಸೆಲ್ ತೆರಿಗೆ ಏರಿಸಿದರೆ ಕಾರವಾರದಲ್ಲಿ ಯಾಕಷ್ಟು ವಿರೋಧ?

ಪಕ್ಕದ ಗೋವಾದಲ್ಲಿ ಪೆಟ್ರೋಲ್, ಡೀಸೆಲ್ ಅಗ್ಗ. ಅದಕ್ಕೇ ಸಿಟ್ಟು. ಇವೆರಡೂ ಜಿಎಸ್‌ಟಿಯೊಳಗೆ ಬರುವುದಿಲ್ಲ. ಮಾರಾಟ ತೆರಿಗೆ ಎಷ್ಟೆಂದು ಆಯಾ ರಾಜ್ಯವೇ ತೀರ್ಮಾನಿಸುತ್ತದೆ. ಕರ್ನಾಟಕದಲ್ಲಿ ಡೀಸೆಲ್ ಮೇಲಿನ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಕಾರವಾರದಲ್ಲಿ ಬೈಕ್ ಇದ್ದವರು ಗಡಿಯ ಮಾಜಾಳಿ ದಾಟಿ ಗೋವಾದ ಪೋಳೆಂ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಬರುತ್ತಾರೆ. ಗಡಿಯಿಂದ ದೂರದ ಶಿರಸಿ, ಸಿದ್ದಾಪುರದವರಿಗೆ ಆ ದಾರಿಯೂ ಇಲ್ಲ. ಕರಾವಳಿಗೆ ತರಕಾರಿ ಬರುವುದು ಘಟ್ಟ ಇಳಿದು, ಲಾರಿಯಲ್ಲಿ. ಡೀಸೆಲ್ ದುಬಾರಿಯಾಗಿ ಲಾರಿ ಬಾಡಿಗೆ ಏರಿದರೆ ತರಕಾರಿ ಬೆಲೆಯೂ ಜಾಸ್ತಿ ಆಗುತ್ತದೆ ಅಲ್ವಾ? ಗಾಡಿ ಇಲ್ಲದ ಬಡವರಿಗೂ ಹೊರೆ ಬೀಳುವುದು ಹೀಗೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಹೆದ್ದಾರಿ 66ರ ಟೋಲ್ ಮಾತ್ರ ಬೇರೆ ಲೆಕ್ಕ. ಆ ದರ ಕೇಂದ್ರದ ನಿಯಮದಂತೆ ಏರುತ್ತದೆ, ರಾಜ್ಯ ಬಜೆಟ್‌ನಿಂದಲ್ಲ.