ತೋಟದ ಪಂಪ್ ಬೋರ್ಡಿನಲ್ಲಿ ಚಿಪ್ ಪದೇ ಪದೇ ಸುಡುವುದೇಕೆ?

ಪ್ರಶ್ನೆ: ಕೆರೆಯಿಂದ ಗುಡ್ಡದ ಮೇಲಿನ ತೊಟ್ಟಿಗೆ ನೀರೆತ್ತುವ ನಮ್ಮ ತ್ರೀ ಫೇಸ್ ಪಂಪು ತೊಟ್ಟಿ ತುಂಬಿದೊಡನೆ ತಾನಾಗಿ ನಿಲ್ಲುವಂತೆ, ಇಂಜಿನಿಯರಿಂಗ್ ಓದುತ್ತಿರುವ ಮಗ ಒಂದು ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡಿದ್ದಾನೆ. 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಅದನ್ನು 5 ವೋಲ್ಟಿಗಿಳಿಸುವ 7805 ರೆಗ್ಯುಲೇಟರ್, ಎಲ್ಲವನ್ನೂ ನಿಯಂತ್ರಿಸುವ ಎಟಿಮೆಗಾ 328ಪಿ ಚಿಪ್, ಮೋಟಾರಿಗೆ ಕರೆಂಟ್ ಕೊಡುವ ಸ್ಟಾರ್ಟರಿನ ಕಾಂಟ್ಯಾಕ್ಟರ್ ನಡೆಸಲು ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಅದರಲ್ಲಿರುವುದು ಇಷ್ಟೇ. ತೊಟ್ಟಿ ತುಂಬಿದ್ದನ್ನು ತಿಳಿಸುವ ಫ್ಲೋಟ್ ಸ್ವಿಚ್ಚಿನಿಂದ ಪಂಪ್ ಮನೆಯವರೆಗೆ ಸುಮಾರು 150 ಮೀಟರ್ ವೈರನ್ನು ಮರದಿಂದ ಮರಕ್ಕೆ ಎಳೆದಿದ್ದೇವೆ. ಗುಡುಗು ಮಳೆ ಶುರುವಾದಾಗಿನಿಂದ ಚಿಪ್ ಪದೇ ಪದೇ ಹಾಳಾಗುತ್ತಿದೆ. ಕೆಲವು ಕರೆಂಟ್ ಕೊಟ್ಟೊಡನೆ ಮುಟ್ಟಲಾಗದಷ್ಟು ಬಿಸಿಯಾಗುತ್ತವೆ. ಒಂದು ಮಾತ್ರ ಉಳಿದ ಕೆಲಸವನ್ನೆಲ್ಲ ಮಾಡಿದರೂ ತೊಟ್ಟಿ ತುಂಬಿದ್ದನ್ನು ಗುರುತಿಸುವುದಿಲ್ಲ. ಎಲ್ಲರೂ ವೋಲ್ಟೇಜ್ ಏರುಪೇರು ಎನ್ನುತ್ತಾರೆ. ಸ್ಟೆಬಿಲೈಸರ್ ಹಾಕಿದರೆ ಸರಿಹೋದೀತೇ?

— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸ್ಟೆಬಿಲೈಸರಿಗೆ ಈಗಲೇ ಹಣ ಹಾಕಬೇಡಿ. ಮಲೆನಾಡಿನಲ್ಲಿ ಏನೇ ಸುಟ್ಟರೂ ವೋಲ್ಟೇಜನ್ನು ದೂರುವುದು ರೂಢಿಯಾಗಿದೆ. ಆದರೆ 7805 ತನ್ನ ಒಳಹರಿವಿನಲ್ಲಿ 35 ವೋಲ್ಟಿನವರೆಗೂ ತಾಳಿಕೊಳ್ಳುತ್ತದೆ, ಮತ್ತು ಲೈನಿನಲ್ಲಿ 270 ವೋಲ್ಟ್ ಬಂದರೂ ನಿಮ್ಮ 12 ವೋಲ್ಟ್ ಟ್ರಾನ್ಸ್‌ಫಾರ್ಮರಿನಿಂದ ಅದರ ಸಮೀಪಕ್ಕೂ ಹೋಗುವಷ್ಟು ವೋಲ್ಟೇಜ್ ಹುಟ್ಟುವುದಿಲ್ಲ. ನೀವು ಕೊನೆಯಲ್ಲಿ ಹೇಳಿರುವ ಆ ಒಂದು ಚಿಪ್ ಬೇರೆಯದೇ ದಾರಿ ತೋರಿಸುತ್ತಿದೆ. ಉಳಿದದ್ದೆಲ್ಲ ಸರಿಯಿದ್ದು ಫ್ಲೋಟ್ ಸ್ವಿಚ್ ಸೇರುವ ಪಿನ್ ಮಾತ್ರ ಸತ್ತಿದೆ ಎಂದಾದರೆ, ಹೊಡೆತ ಬಂದದ್ದು ಆ 150 ಮೀಟರ್ ವೈರಿನಿಂದ ಎಂದು ಬಹುಮಟ್ಟಿಗೆ ನಂಬಬಹುದು.

ಹಾಳಾದ ಚಿಪ್‌ಗಳನ್ನು ಎಸೆದಿಲ್ಲವಾದರೆ ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ನಿಮ್ಮ ಮಗ ಚಿಪ್ಪನ್ನು ಬೋರ್ಡಿನಿಂದ ಹೊರತೆಗೆದು, ಮಲ್ಟಿಮೀಟರನ್ನು ಡಯೋಡ್ ಪರೀಕ್ಷೆಯಲ್ಲಿಟ್ಟು, ಕೆಂಪು ಕಡ್ಡಿಯನ್ನು ಗ್ರೌಂಡ್ ಆದ 8ನೇ ಪಿನ್ನಿಗೆ ಹಿಡಿದು, ಕಪ್ಪು ಕಡ್ಡಿಯನ್ನು ಒಂದೊಂದೇ ಇನ್‌ಪುಟ್ ಪಿನ್ನಿಗೆ ತಾಗಿಸುತ್ತ ಹೋಗಲಿ. ಚಿಪ್ಪಿನೊಳಗೆ ಪ್ರತಿ ಪಿನ್ನಿಗೂ ಇರುವ ರಕ್ಷಣಾ ಡಯೋಡಿನಿಂದಾಗಿ ಆರೋಗ್ಯವಾಗಿರುವ ಪಿನ್ ಸುಮಾರು 0.5ರಿಂದ 0.7 ವೋಲ್ಟ್ ತೋರಿಸುತ್ತದೆ. ಒಂದು ಪಿನ್ ಮಾತ್ರ ಸೊನ್ನೆಯನ್ನೋ ಸಂಪರ್ಕವೇ ಇಲ್ಲವೆಂದೋ ತೋರಿಸಿದರೆ ಹೊಡೆತ ಅಲ್ಲಿಂದ ಬಂದಿದೆ. ಬಿಸಿಯಾಗುವ ಚಿಪ್‌ಗಳಲ್ಲಿ ವಿದ್ಯುತ್ ಪೂರೈಕೆಯ 7ನೇ ಪಿನ್ ಮತ್ತು ಗ್ರೌಂಡಿನ 8ನೇ ಪಿನ್‌ಗಳ ನಡುವಿನ ರೆಸಿಸ್ಟೆನ್ಸನ್ನೂ ಅಳೆದು ಹೊಸ ಚಿಪ್ಪಿನೊಡನೆ ಹೋಲಿಸಲಿ. ಅಲ್ಲಿ ಶಾರ್ಟ್ ಕಾಣಿಸುವುದು ಹೆಚ್ಚುಕಡಿಮೆ ನಿಶ್ಚಿತ.

ಪಿನ್ನಿನಿಂದ ಬಂದ ಹೊಡೆತ ಇಡೀ ಚಿಪ್ಪನ್ನು ಹೇಗೆ ಸುಡುತ್ತದೆ ಎಂಬುದನ್ನು ನಿಮ್ಮ ಮಗ ಗಮನಿಸಬೇಕು. ಸಿಡಿಲು ನೇರವಾಗಿ ವೈರಿಗೆ ಬಡಿಯಬೇಕೆಂದಿಲ್ಲ. ಪಕ್ಕದ ಗುಡ್ಡಕ್ಕೆ ಬಡಿದರೂ ಅಷ್ಟುದ್ದದ ವೈರಿನಲ್ಲಿ ಕ್ಷಣಮಾತ್ರ ನೂರಾರು ವೋಲ್ಟ್ ಪ್ರೇರಣೆಗೊಳ್ಳುತ್ತದೆ. ಈ ಚಿಪ್ಪಿನ ಸಾಮಾನ್ಯ ಪಿನ್ ತನ್ನ ವಿದ್ಯುತ್ ಪೂರೈಕೆಗಿಂತ ಅರ್ಧ ವೋಲ್ಟ್ ಹೆಚ್ಚಾದುದನ್ನು ಮಾತ್ರ ಸಹಿಸುತ್ತದೆ. ಅದಕ್ಕೂ ಮೀರಿದ್ದು ಒಳಗಿನ ಡಯೋಡಿನ ಮೂಲಕ 5 ವೋಲ್ಟಿನ ಲೈನಿಗೇ ನುಗ್ಗುತ್ತದೆ. 7805 ಕರೆಂಟನ್ನು ಹೊರಗೆ ಕೊಡಬಲ್ಲದೇ ಹೊರತು ಹಿಂದಕ್ಕೆ ಹೀರಿಕೊಳ್ಳಲಾರದು. ಆದ್ದರಿಂದ ಆ ಲೈನು ಚಿಪ್ಪಿನ ಕಟ್ಟಕಡೆಯ ಮಿತಿಯಾದ 6 ವೋಲ್ಟನ್ನು ದಾಟುತ್ತದೆ, ಇಲ್ಲವೇ ಚಿಪ್ಪಿನೊಳಗೆ ಪೂರೈಕೆಗೂ ಗ್ರೌಂಡಿಗೂ ನಡುವೆ ‘ಲ್ಯಾಚ್-ಅಪ್’ ಎಂಬ ಶಾರ್ಟ್ ಏರ್ಪಟ್ಟು ಅದು ಕಾದು ಸುಡುತ್ತದೆ. ರೆಗ್ಯುಲೇಟರ್ ಬದಲಿಸುವುದರಿಂದ ಏನೂ ಪ್ರಯೋಜನವಾಗದಿರುವುದು ಇದಕ್ಕೇ.

ಪರಿಹಾರವೆಂದರೆ ಹೊರಗಿನ ವೈರು ಚಿಪ್ಪನ್ನು ಮುಟ್ಟದಂತೆ ಮಾಡುವುದು. ಫ್ಲೋಟ್ ಸ್ವಿಚ್ಚಿನ ಮೂಲಕ 12 ವೋಲ್ಟ್ ಹರಿಸಿ, 2.2 ಕಿಲೋ ಓಮ್ ರೆಸಿಸ್ಟರ್ ಸೇರಿಸಿ, ಅದರಿಂದ ಚಿಪ್ಪಿಗೆ ಸಂಕೇತವನ್ನು ತಂತಿಯ ಬದಲು ಬೆಳಕಿನಿಂದ ದಾಟಿಸುವ ಪಿಸಿ817 ಆಪ್ಟೊಕಪ್ಲರಿನ ಎಲ್‌ಇಡಿಯನ್ನು ಬೆಳಗಿಸಲಿ. ಸುಮಾರು 5 ಮಿಲಿಆಂಪಿಯರ್ ಸಾಕು. ಆ ಎಲ್‌ಇಡಿ ಹಿಮ್ಮುಖವಾಗಿ 6 ವೋಲ್ಟಿಗಿಂತ ಹೆಚ್ಚು ತಾಳದ ಕಾರಣ ಅದಕ್ಕೆ ಅಡ್ಡಲಾಗಿ ತಿರುವುಮುರುವು 1ಎನ್4148 ಡಯೋಡ್ ಇರಲಿ. ಆದರೆ ಈ 12 ವೋಲ್ಟನ್ನು ಬೋರ್ಡಿನದೇ ಪೂರೈಕೆಯಿಂದ ಎಳೆದುಕೊಂಡರೆ ಎರಡೂ ಕಡೆಯ ಗ್ರೌಂಡ್ ಒಂದೇ ಆಗಿ ಆಪ್ಟೊಕಪ್ಲರ್ ಹೆಸರಿಗಷ್ಟೇ ಉಳಿಯುತ್ತದೆ, ಮತ್ತು ಹೀಗೆ ಮಾಡಿರುವ ಬೋರ್ಡುಗಳೇ ಹೆಚ್ಚು. ಅದಕ್ಕೊಂದು ಪ್ರತ್ಯೇಕ ಸಣ್ಣ ಅಡಾಪ್ಟರ್ ಇಡಿ. ವೈರು ಪಂಪ್ ಮನೆ ಪ್ರವೇಶಿಸುವಲ್ಲಿ ಎರಡೂ ಎಳೆಗಳಿಂದ ಅರ್ತಿಗೆ, ಹಠಾತ್ ಹೊಡೆತವನ್ನು ಅತ್ತ ತಿರುಗಿಸುವ ಸರ್ಜ್ ರಕ್ಷಕಗಳನ್ನು ಹಾಕಿ, ಅರ್ತಿನ ತಂತಿಯನ್ನು ಆದಷ್ಟು ಗಿಡ್ಡವಾಗಿ, ಸುರುಳಿ ಸುತ್ತದೆ ಕೊಂಡೊಯ್ಯಿರಿ. ಸಿಡಿಲು ನೇರವಾಗಿ ವೈರಿಗೇ ಬಡಿದರೆ ಇದಾವುದೂ ನಿಲ್ಲದು.

ರಿಲೇ ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಇದೆಯೇ ಎಂದೂ ನೋಡಿಕೊಳ್ಳಿ. ಅದು ಇಲ್ಲದಿದ್ದರೆ ಮೊದಲು ಸಾಯುವುದು ಸಾಮಾನ್ಯವಾಗಿ ರಿಲೇ ನಡೆಸುವ ಟ್ರಾನ್ಸಿಸ್ಟರ್, ಅದರ ಹಿಂದೆಯೇ ಚಿಪ್ಪಿನ ಔಟ್‌ಪುಟ್ ಪಿನ್. ಕಾಂಟ್ಯಾಕ್ಟರ್ ಬಿಡುವಾಗಿನ ಕಿಡಿಯಿಂದ ಚಿಪ್ ಸ್ಥಗಿತವಾಗಬಹುದು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ನಡೆಯುವ ಚಿಪ್ ಸತ್ತದ್ದಲ್ಲ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮಳೆಗಾಲದ ಥಂಡಿಗೂ ಪೆಟ್ಟಿಗೆಯೊಳಗೆ ಗೂಡು ಕಟ್ಟುವ ಇರುವೆಗಳಿಗೂ ಬೋರ್ಡಿನ ಮೇಲೆ ವಾರ್ನಿಷ್ ಲೇಪಿಸಿ ಪೆಟ್ಟಿಗೆಯ ತೂತುಗಳನ್ನು ಮುಚ್ಚಿದರೆ ಸಾಕು.

ಬದಲಾವಣೆಗೆ ಮುನ್ನ ಅಗ್ಗದ ಪರೀಕ್ಷೆಯೊಂದಿದೆ. ಪಂಪನ್ನು ಕೈಯಿಂದಲೇ ನಡೆಸುತ್ತ, ಬೋರ್ಡಿನಿಂದ ಫ್ಲೋಟ್ ವೈರನ್ನೂ ಸ್ಟಾರ್ಟರಿನ ವೈರನ್ನೂ ಕಳಚಿ, ಕರೆಂಟ್ ಮಾತ್ರ ಕೊಟ್ಟು ಕೆಲವು ಗುಡುಗು ಮಳೆ ಕಳೆಯಲಿ. ಸ್ಟಾರ್ಟರಿಗೆ ಕೈಹಾಕುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿರಬೇಕು. ಅಷ್ಟಾದರೂ ಚಿಪ್ ಸುಟ್ಟರೆ ದೋಷ ಪೂರೈಕೆಯ ಕಡೆಯಿದೆ. ಆಗ ಮೇಲೆ ಹೇಳಿದ ಅಳತೆಗಳೊಡನೆ ಬೋರ್ಡಿನ ನಕ್ಷೆಯನ್ನೂ ನಮಗೆ ಕಳುಹಿಸಿ.